ಓಆರ್‌ಎಂ ಇದ್ದರೆ ಎಸ್‌ಕ್ಯುಎಲ್ ಕಲಿಯದೆ ಸಾಗುತ್ತದೆಯೇ?

ಊರಿನ ಹಾಲಿನ ಸೊಸೈಟಿಗೆ ಲೆಕ್ಕದ ಆ್ಯಪ್ ಮಾಡಲು ಹೊರಟಿದ್ದೀರಿ, ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯುಎಲ್ ಬರುವುದಿಲ್ಲ, ಜಾಂಗೊದ ಓಆರ್‌ಎಂ ಸಾಕೇ ಅಥವಾ ಎಸ್‌ಕ್ಯುಎಲ್‌ಆಲ್ಕೆಮಿ ಬೇಕೇ ಎಂದು ಕೇಳಿದ್ದೀರಿ. ನಾವು ಬರೆದ ಕೋಡನ್ನು ಎಸ್‌ಕ್ಯುಎಲ್ ಆದೇಶಗಳಾಗಿ ತಾನೇ ಬದಲಿಸಿಕೊಡುವ ಸಾಧನವೇ ಓಆರ್‌ಎಂ. ಜಾಂಗೊ ಎಂಬುದು ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು, ಅದರೊಳಗೇ ಒಂದು ಓಆರ್‌ಎಂ ಇದೆ. ಎಸ್‌ಕ್ಯುಎಲ್‌ಆಲ್ಕೆಮಿ ಪೈಥಾನ್‌ನ ಇನ್ನೊಂದು ಓಆರ್‌ಎಂ. 2018ರಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಅಡಿಕೆ ಖರೀದಿ ಅಂಗಡಿಗೆ ಲೆಕ್ಕದ ತಂತ್ರಾಂಶ ಬರೆದುಕೊಡಲು ಒಪ್ಪಿಕೊಂಡಾಗ ನಾನು ನಿಂತಿದ್ದದ್ದೂ ಇದೇ ಜಾಗದಲ್ಲಿ.

ಆ ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳಿದ್ದವು. ಒಂದು ಹೊರಗೆ ತೂಕದ ಯಂತ್ರದ ಬಳಿ, ಇನ್ನೊಂದು ಒಳಗಿನ ಕೋಣೆಯಲ್ಲಿ. ನಮ್ಮ ಕಡೆಯ ಕೃಷಿಕರಲ್ಲಿ ಹಲವರು ಅಡಿಕೆ ಕೊಟ್ಟ ದಿನವೇ ಹಣ ಒಯ್ಯುವುದಿಲ್ಲ. ಅಂಗಡಿಯಲ್ಲೇ ಬಿಟ್ಟು, ಮದುವೆಗೋ ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡುವ ಖರ್ಚಿಗೋ ಬೇಕಾದಾಗ ಪಡೆಯುತ್ತಾರೆ. ಆದ್ದರಿಂದ ಕೃಷಿಕರ ಕೋಷ್ಟಕದಲ್ಲಿ ಹೆಸರು, ಫೋನ್, ಬ್ಯಾಂಕ್ ಖಾತೆ ಮುಂತಾದ ಕಾಲಂಗಳ ಜೊತೆಗೆ ‘ಬಾಕಿ’ ಎಂಬ ಕಾಲಂ ಒಂದನ್ನು ಇಟ್ಟೆ. ಜಾಂಗೊ ಬಳಸಿ ಪೈಥಾನ್‌ನಲ್ಲಿ ಕೃಷಿಕ ಎಂಬ ಕ್ಲಾಸ್ ಬರೆದು, ಬಾಕಿಗೆ ಮೊತ್ತ ಕೂಡಿಸಿ, ಸೇವ್ ಎಂದರೆ ಮುಗಿಯಿತು. ಎಸ್‌ಕ್ಯುಎಲ್‌ನ ಒಂದು ಸಾಲನ್ನೂ ನಾನು ಬರೆಯಲಿಲ್ಲ, ಓದಲೂ ಇಲ್ಲ.

ನಾಲ್ಕನೆಯ ತಿಂಗಳಲ್ಲಿ ಹಿರಿಯ ಕೃಷಿಕರೊಬ್ಬರು ಬಂದು, ಬ್ಯಾಂಕ್ ಪಾಸ್‌ಪುಸ್ತಕದ ರಟ್ಟಿನೊಳಗೆ ಮಡಚಿಟ್ಟಿದ್ದ ತೂಕದ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. 96 ಕಿಲೋ, ಕಿಲೋಗೆ 225 ರೂಪಾಯಿಯಂತೆ 21,600. ಅವರ ಹಿಂದಿನ ಬಾಕಿ 41,300 ಇತ್ತು, ಒಟ್ಟು 62,900 ಇರಬೇಕಿತ್ತು. ಪರದೆಯಲ್ಲಿ 41,300 ಮಾತ್ರ ಇತ್ತು. “ಕಂಪ್ಯೂಟರ್ ಏನು ಹೇಳುತ್ತದೋ ನನಗೆ ಗೊತ್ತಿಲ್ಲ ಮಾರಾಯರೇ, ಅಡಿಕೆ ತೂಗಿದ್ದು ನನ್ನ ಕಣ್ಣೆದುರು” ಎಂದರು. ತೂಕದ ಬಳಿಯ ಹುಡುಗ ನಮೂದಿಸಲು ಮರೆತಿರಬೇಕೆಂದು ನಾನು ಮಾಲೀಕರೆದುರು ಹೇಳಿಬಿಟ್ಟೆ. ಅವನು ಮರೆತಿರಲಿಲ್ಲ. ಆ ಮಾತಿಗಾಗಿ ನಾನು ಅವನ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ.

ಕಾರಣ ಸಿಗಲು ಹನ್ನೊಂದು ದಿನ ಬೇಕಾಯಿತು. ಕೊನೆಗೆ, ಆ ತಂತ್ರಾಂಶದ ಡೇಟಾಬೇಸ್ ಆಗಿದ್ದ ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿಯೊಂದು ಆದೇಶವೂ ಲಾಗ್‌ನಲ್ಲಿ ದಾಖಲಾಗುವಂತೆ ಮಾಡಿ, ಆ ಸಾಲುಗಳನ್ನು ಒಂದೊಂದಾಗಿ ಓದುತ್ತಾ ಕುಳಿತೆ. ಒಳಗಿನ ಕೋಣೆಯ ಗುಮಾಸ್ತರು ಒಬ್ಬರ ಫೋನ್ ಸಂಖ್ಯೆಯನ್ನು ಮಾತ್ರ ತಿದ್ದಿದ್ದರು. ಆದರೆ ಡೇಟಾಬೇಸ್‌ಗೆ ಹೋಗಿದ್ದ ಅಪ್‌ಡೇಟ್ ಆದೇಶದಲ್ಲಿ ಒಂಬತ್ತು ಕಾಲಂಗಳಿದ್ದವು, ಅವುಗಳಲ್ಲಿ ಬಾಕಿಯೂ ಇತ್ತು.

ಇದನ್ನು ಬಿಡಿಸಿ ಹೇಳಲೇಬೇಕು. ಓಆರ್‌ಎಂ ನಿಮ್ಮ ಕೈಗೆ ಕೊಡುವ ವಸ್ತು ಡೇಟಾಬೇಸ್‌ನ ಸಾಲು ಅಲ್ಲ, ಓದಿದ ಕ್ಷಣದಲ್ಲಿ ಆ ಸಾಲು ಹೇಗಿತ್ತೋ ಅದರ ನಕಲು. ಜಾಂಗೊದಲ್ಲಿ ಬರಿದೇ ಸೇವ್ ಎಂದರೆ ನೀವು ಮುಟ್ಟಿದ ಕಾಲಂ ಮಾತ್ರವಲ್ಲ, ಆ ನಕಲಿನಲ್ಲಿರುವ ಎಲ್ಲ ಕಾಲಂಗಳೂ ಮರಳಿ ಬರೆಯಲ್ಪಡುತ್ತವೆ. ನನ್ನ ಕೋಡ್ ಕೃಷಿಕರ ವಿವರವನ್ನು ಓದಿ, ಹೊಸ ಫೋನ್ ಸಂಖ್ಯೆಗೆ ಖಚಿತಪಡಿಸುವ ಎಸ್‌ಎಂಎಸ್ ಕಳುಹಿಸಿ, ಅದು ಹೋದ ಮೇಲೆ ಸೇವ್ ಮಾಡುತ್ತಿತ್ತು. ನೆಟ್‌ವರ್ಕ್ ನಿಧಾನವಿದ್ದ ದಿನ ಎಸ್‌ಎಂಎಸ್‌ಗೆ ಆರೇಳು ಸೆಕೆಂಡ್ ಹಿಡಿಯುತ್ತಿತ್ತು. ಆ ಹಿರಿಯ ಕೃಷಿಕರ ಖಾತೆಯಲ್ಲಿ ಆದದ್ದೂ ಇದೇ. ಆ ಆರೇಳು ಸೆಕೆಂಡಿನ ನಡುವೆ ಹೊರಗಿನ ಹುಡುಗ 21,600 ಸೇರಿಸಿದ್ದ, ಬಾಕಿ 62,900 ಆಗಿತ್ತು. ಅನಂತರ ಒಳಗಿನ ಹಳೆಯ ನಕಲು ಫೋನ್ ಸಂಖ್ಯೆಯೊಂದಿಗೆ ತನ್ನಲ್ಲಿದ್ದ 41,300ನ್ನೂ ಬರೆದು ಹೊಸ ಮೊತ್ತವನ್ನು ಅಳಿಸಿತು. ಎಲ್ಲಿಯೂ ದೋಷದ ಸಂದೇಶ ಬರಲಿಲ್ಲ, ಏಕೆಂದರೆ ಎರಡೂ ಆದೇಶಗಳು ಡೇಟಾಬೇಸ್‌ನ ದೃಷ್ಟಿಯಲ್ಲಿ ಸರಿಯಾಗಿಯೇ ಇದ್ದವು. ಖರೀದಿಯ ಕೋಷ್ಟಕದೊಂದಿಗೆ ತಾಳೆ ನೋಡಿದಾಗ ಇನ್ನೂ ಹದಿಮೂರು ಖಾತೆಗಳಲ್ಲಿ ವ್ಯತ್ಯಾಸ ಕಂಡಿತು. ಮಾಲೀಕರು ಎಲ್ಲರಿಗೂ ಹಣ ತುಂಬಿಕೊಟ್ಟರು, ಖಾತೆ ಪುಸ್ತಕಕ್ಕೆ ಮರಳಿದರು, ನನ್ನ ಒಂದು ವರ್ಷದ ನಿರ್ವಹಣೆಯ ಹಣವನ್ನು ತಡೆದರು. ಅವರು ಮಾಡಿದ್ದು ನ್ಯಾಯವೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಓಆರ್‌ಎಂ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಎಸ್‌ಕ್ಯುಎಲ್‌ಆಲ್ಕೆಮಿ ಬದಲಾದ ಕಾಲಂಗಳನ್ನಷ್ಟೇ ಬರೆಯುತ್ತದೆ, ರೂಬಿ ಭಾಷೆಯ ರೈಲ್ಸ್ ಚೌಕಟ್ಟಿನ ಓಆರ್‌ಎಂ ಆದ ಆ್ಯಕ್ಟಿವ್ ರೆಕಾರ್ಡ್ ಕೂಡ ಹಾಗೆಯೇ, ಆದ್ದರಿಂದ ಫೋನ್ ಸಂಖ್ಯೆಯ ಈ ಅನಾಹುತ ಅಲ್ಲಿ ಆಗುತ್ತಿರಲಿಲ್ಲ. ಆದರೆ ಇಬ್ಬರೂ ಏಕಕಾಲಕ್ಕೆ ಬಾಕಿಯನ್ನೇ ಓದಿ, ಪ್ರೋಗ್ರಾಂನೊಳಗೆ ಕೂಡಿಸಿ, ಮರಳಿ ಬರೆದರೆ ಅಲ್ಲಿಯೂ ಒಬ್ಬರ ಮೊತ್ತ ಅಳಿದುಹೋಗುತ್ತದೆ. ಪೋಸ್ಟ್‌ಗ್ರೆಸ್‌ನ ಮಾಮೂಲಿ ವ್ಯವಸ್ಥೆ ಇದನ್ನು ತಡೆಯುವುದಿಲ್ಲ. ಕೂಡಿಸುವ ಕೆಲಸವನ್ನು ಡೇಟಾಬೇಸ್‌ಗೇ ಬಿಡಬೇಕು, ಜಾಂಗೊದಲ್ಲಿ ಅದಕ್ಕೆ ಎಫ್ ಎಂಬ ಸಾಧನವಿದೆ. ಇಲ್ಲವೇ ಸೆಲೆಕ್ಟ್ ಫಾರ್ ಅಪ್‌ಡೇಟ್ ಎಂದು ಒಂದೇ ಟ್ರಾನ್ಸಾಕ್ಷನ್‌ನೊಳಗೆ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಆದೇಶಗಳ ಗುಂಪಿನೊಳಗೆ) ಆ ಸಾಲಿಗೆ ಬೀಗ ಹಾಕಿ ಕೆಲಸ ಮುಗಿಸಬೇಕು. ಫೋನ್ ಸಂಖ್ಯೆಯಂಥದ್ದಕ್ಕೆ ಸೇವ್ ಮಾಡುವಾಗ ಅಪ್‌ಡೇಟ್ ಫೀಲ್ಡ್ಸ್‌ನಲ್ಲಿ ಆ ಕಾಲಂನ ಹೆಸರನ್ನಷ್ಟೇ ಕೊಡಬೇಕು. ಈ ಮೂರನ್ನೂ ಜಾಂಗೊದ ದಾಖಲೆಯಲ್ಲಿ ನಾನು ಓದಿದ್ದೆ. ಆದರೆ ಕೆಳಗೆ ಹುಟ್ಟುವ ಆದೇಶ ಯಾವುದೆಂದು ತಿಳಿಯದ ಕಾರಣ, ಅವು ಏಕೆ ಇವೆ ಎಂಬುದು ನನಗೆ ಅರ್ಥವಾಗಿರಲಿಲ್ಲ.

ನನ್ನ ಖಚಿತ ಅಭಿಪ್ರಾಯ ಹೇಳುವುದಾದರೆ, ಬಾಕಿ ಎಂಬ ಕಾಲಂ ಇರಲೇಬಾರದಿತ್ತು. ಮಾಲೀಕರ ಖಾತೆ ಪುಸ್ತಕದಲ್ಲಿ ಜಮೆಗೊಂದು ಸಾಲು, ಖರ್ಚಿಗೊಂದು ಸಾಲು ಬರೆಯುತ್ತಿದ್ದರು, ಬರೆದದ್ದನ್ನು ಅಳಿಸುತ್ತಿರಲಿಲ್ಲ. ನಿಮ್ಮ ಸೊಸೈಟಿಯಲ್ಲಿಯೂ ಬೆಳಗ್ಗಿನ ಹಾಲಿಗೊಂದು ಸಾಲು, ಸಂಜೆಯ ಹಾಲಿಗೊಂದು ಸಾಲು, ಕೊಟ್ಟ ಹಣಕ್ಕೊಂದು ಸಾಲು ಇರಲಿ. ಬಾಕಿಯನ್ನು ಕೇಳಿದಾಗ ಕೂಡಿಸಿ ತೋರಿಸಿ. ಕೆಲವು ನೂರು ಸದಸ್ಯರ ಲೆಕ್ಕವನ್ನು ಕೂಡಿಸುವುದು ಡೇಟಾಬೇಸ್‌ಗೆ ಭಾರವಲ್ಲ.

ಓಆರ್‌ಎಂ ಬಿಡಿ ಎನ್ನುವುದಿಲ್ಲ, ನಾನು ಇಂದಿಗೂ ಅದನ್ನೇ ಬಳಸುತ್ತೇನೆ. ಆದರೆ ಎಸ್‌ಕ್ಯುಎಲ್ ಮೊದಲು ಕಲಿಯಿರಿ. ಅದರ ಮೂಲರೂಪವನ್ನು ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಿಸಿದರು, ಜಾಂಗೊ ಹೊರಬಂದದ್ದು 2005ರಲ್ಲಿ. ನಾಳೆ ನೀವು ಬೇರೆ ಓಆರ್‌ಎಂಗೆ ಹೋದರೂ ಕೆಳಗಿರುವುದು ಅದೇ ಎಸ್‌ಕ್ಯುಎಲ್. ಜಾಂಗೊದಲ್ಲಿ ಡೀಬಗ್ ಚಾಲೂ ಇರುವಾಗ ಕನೆಕ್ಷನ್ ಕ್ವೆರೀಸ್ ಎಂಬಲ್ಲಿ, ಹೋದ ಪ್ರತಿಯೊಂದು ಆದೇಶವೂ ಕಾಣಸಿಗುತ್ತದೆ.

ಇವತ್ತು ರಾತ್ರಿಯೇ ಒಂದು ಪ್ರಯೋಗ ಮಾಡಿ. ಎರಡು ಟರ್ಮಿನಲ್‌ಗಳಲ್ಲಿ ಜಾಂಗೊ ಶೆಲ್ ತೆರೆದು, ಎರಡರಲ್ಲಿಯೂ ಒಬ್ಬನೇ ಸದಸ್ಯನ ವಿವರವನ್ನು ಓದಿಕೊಳ್ಳಿ. ಒಂದರಲ್ಲಿ ಫೋನ್ ಸಂಖ್ಯೆ ಬದಲಿಸಿ ಸೇವ್ ಮಾಡಿ, ಇನ್ನೊಂದರಲ್ಲಿ ವಿಳಾಸ ಬದಲಿಸಿ ಸೇವ್ ಮಾಡಿ. ಆಮೇಲೆ ಡೇಟಾಬೇಸ್‌ನಿಂದ ಹೊಸದಾಗಿ ಓದಿ, ಫೋನ್ ಸಂಖ್ಯೆ ಯಾವುದಿದೆಯೆಂದು ನೋಡಿ.