ಬಿಸಿನೀರಿನ ಬುಗ್ಗೆಯಲ್ಲಿರೋ ಬ್ಯಾಕ್ಟೀರಿಯಾದ ಎನ್‌ಜೈಮ್ ಯಾಕೆ ಬೆಂದು ಹೋಗಲ್ಲ?

ನೀವು ಕೇಳಿರೋದ್ರಲ್ಲಿ ಎರಡು ಪ್ರಶ್ನೆ ಇದೆ, ಅಷ್ಟು ಬಿಸಿಯಲ್ಲಿ ಎನ್‌ಜೈಮ್ (ಕೋಶದ ರಾಸಾಯನಿಕ ಕ್ರಿಯೆಗಳನ್ನ ಚುರುಕು ಮಾಡೋ ಪ್ರೋಟೀನ್) ಯಾಕೆ ಹಾಳಾಗಲ್ಲ ಅನ್ನೋದು ಒಂದು, ಟೆಂಪರೇಚರ್ ಏರಿಳಿದ ಹಾಗೆ ಬ್ಯಾಕ್ಟೀರಿಯಾ ತನ್ನ ಎನ್‌ಜೈಮನ್ನ ತಿದ್ಕೊಳ್ಳುತ್ತಾ ಅನ್ನೋದು ಇನ್ನೊಂದು. ಎರಡನೇದಕ್ಕೆ ಉತ್ತರ ಚಿಕ್ಕದು: ಇಲ್ಲ. ಎನ್‌ಜೈಮ್ ಹೇಗಿರಬೇಕು ಅಂತ ಜೀನ್‌ನಲ್ಲಿದೆ, ಅದು ಬದಲಾಗೋಕೆ ಎಷ್ಟೋ ತಲೆಮಾರು ಬೇಕು. ದಿಢೀರ್ ಅಂತ ಬಿಸಿ ಏರಿದ್ರೆ ಚಾಪರೋನ್ ಅನ್ನೋ ಪ್ರೋಟೀನ್‌ಗಳನ್ನ ಜಾಸ್ತಿ ಮಾಡ್ಕೊಂಡು, ಬಿಚ್ಕೊಂಡಿರೋ ಪ್ರೋಟೀನ್‌ಗಳನ್ನ ಮತ್ತೆ ಮಡಚಿಸಿ ಹೇಗೋ ಸಂಭಾಳಿಸುತ್ತೆ ಅಷ್ಟೆ.

ಮೊದಲನೇದನ್ನ ನಾನು ಕಣ್ಣಾರೆ ನೋಡಿದೀನಿ. ಲ್ಯಾಬಲ್ಲಿ ಟ್ಯಾಕ್ ಪಾಲಿಮರೇಸ್ ಅನ್ನೋ, ಡಿಎನ್‌ಎ ನಕಲು ಮಾಡೋ ಎನ್‌ಜೈಮನ್ನ ಮಾಡ್ಕೊಳ್ತಿದ್ವಿ, ಅದರ ಜೀನ್ ಥರ್ಮಸ್ ಅಕ್ವಾಟಿಕಸ್ ಅನ್ನೋ ಬಿಸಿನೀರಿನ ಬ್ಯಾಕ್ಟೀರಿಯಾದ್ದು, 1960ರ ದಶಕದಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಮತ್ತೆ ಅವರ ಸ್ಟೂಡೆಂಟ್ ಹಡ್ಸನ್ ಫ್ರೀಜ್ ಹುಡುಕಿದ್ದು (ಹೌದು, ಕುದಿಯೋ ಜಾಗದಲ್ಲಿ ಹುಡುಕಿದೋರ ಹೆಸರು ಫ್ರೀಜ್). ಆ ಜೀನನ್ನ ಇ. ಕೋಲಿಗೆ (ನಮ್ಮ ಕರುಳಲ್ಲಿರೋ ಥರದ ಸಾಮಾನ್ಯ ಬ್ಯಾಕ್ಟೀರಿಯಾ) ಹಾಕಿ ಬೆಳೆಸಿ, ಕೋಶಗಳನ್ನ ಒಡೆದು, ಆ ರಸವನ್ನ 75 ಡಿಗ್ರಿಯಲ್ಲಿ ಇಟ್ರೆ ಇ. ಕೋಲಿಯ ಪ್ರೋಟೀನ್‌ಗಳು ಬಹುಪಾಲು ಬೆಳ್ಳಗೆ ಒಡೆದು ಗರಣೆ ಕಟ್ಟುತ್ತೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ್ರೆ ಅದು ತಳಕ್ಕೆ ಹೋಗುತ್ತೆ, ಮೇಲಿನ ತಿಳಿಯಲ್ಲಿ ಟ್ಯಾಕ್ ಆರಾಮಾಗಿ ಉಳ್ಕೊಂಡಿರುತ್ತೆ.

ತಮಾಷೆ ಅಂದ್ರೆ ಟ್ಯಾಕ್‌ನಲ್ಲೂ ಇ. ಕೋಲಿಯ ಪ್ರೋಟೀನ್‌ಗಳಲ್ಲೂ ಇರೋದು, ಪ್ರೋಟೀನ್ ಕಟ್ಟೋ ಅದೇ 20 ಅಮೈನೋ ಆಸಿಡ್. ವಿಶೇಷ ಸಾಮಾನು ಏನೂ ಇಲ್ಲ, ಜೋಡಣೆ ಬೇರೆ. ಬಿಸಿ ತಡೆಯೋ ಎನ್‌ಜೈಮ್‌ಗಳಲ್ಲಿ ಪ್ಲಸ್ ಮೈನಸ್ ಚಾರ್ಜ್ ಒಂದನ್ನೊಂದು ಹಿಡ್ಕೊಳ್ಳೋ ಜೋಡಿಗಳು ಜಾಸ್ತಿ, ಒಳಗಿನ ಭಾಗ ಸಂದಿಲ್ಲದ ಹಾಗೆ ಒತ್ತಾಗಿ ತುಂಬಿರುತ್ತೆ, ಹೊರಗೆ ಜೋಲಾಡೋ ಲೂಪ್‌ಗಳು ಗಿಡ್ಡ, ಬಿಸಿಗೆ ಬೇಗ ಕೆಡೋ ಆಸ್ಪರಜಿನ್ ಥರದ ಅಮೈನೋ ಆಸಿಡ್‌ಗಳು ಕಮ್ಮಿ. ಎಲ್ಲಾ ಎನ್‌ಜೈಮ್‌ನಲ್ಲೂ ಇವೆಲ್ಲ ಇರಲ್ಲ, ಒಂದೊಂದು ಒಂದೊಂದು ದಾರಿ ಹಿಡಿದಿದೆ.

ಆದ್ರೆ ಈ ಬಿಗಿತನ ಪುಕ್ಕಟೆ ಬರಲ್ಲ. ಎನ್‌ಜೈಮ್ ಕೆಲಸ ಮಾಡ್ಬೇಕಂದ್ರೆ ಸ್ವಲ್ಪ ಅಲ್ಲಾಡ್ಬೇಕು, ಬಾಗ್ಬೇಕು. ಇ. ಕೋಲಿಯ ಎನ್‌ಜೈಮ್ 37 ಡಿಗ್ರಿಯಲ್ಲಿ ಎಷ್ಟು ಸಡಿಲವೋ ಹೆಚ್ಚುಕಮ್ಮಿ ಅಷ್ಟು ಸಡಿಲ ಆಗೋಕೆ ಟ್ಯಾಕ್‌ಗೆ 70ರ ಆಸುಪಾಸು ಬೇಕು, ತಣ್ಣಗಿದ್ರೆ ಮರಗಟ್ಟಿದ ಹಾಗೆ ನಿಧಾನ. ಪಿಸಿಆರ್‌ನಲ್ಲಿ (ಮತ್ತೆ ಮತ್ತೆ ಬಿಸಿ ಮಾಡಿ ತಣ್ಣಗೆ ಮಾಡಿ ಡಿಎನ್‌ಎಯ ನಕಲು ತೆಗೆಯೋ ವಿಧಾನ) ಡಿಎನ್‌ಎ ಉದ್ದ ಮಾಡೋ ಹಂತಕ್ಕೆ 72 ಡಿಗ್ರಿ ಇಡೋದು ಇದಕ್ಕೇ.

ಹಾಗಂತ ಬೇಯೋದೇ ಇಲ್ಲ ಅಂತಲೂ ಅಲ್ಲ, 95 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಇಟ್ರೆ ಟ್ಯಾಕ್‌ನ ಅರ್ಧ ಶಕ್ತಿ ಹೋಗುತ್ತೆ. ಪಿಸಿಆರ್‌ನಲ್ಲಿ ಒಂದೊಂದು ಸಲಕ್ಕೆ ಅರ್ಧ ನಿಮಿಷ ಅಷ್ಟೇ ಅಲ್ವಾ, ಅದಕ್ಕೆ ಬಚಾವ್.