ಬಾಗಿಲವರೆಗೆ ಹೋಗಿ ಹಿಂದಿರುಗಿದವರಿಗೆ

ಪ್ರಶ್ನೆ: ನನಗೆ 41 ವರ್ಷ. ಬೆಳಿಗ್ಗೆ ಎರಡು ಗುಟುಕು ಒಳಗೆ ಹೋಗದಿದ್ದರೆ ಕೈ ನಡುಗುತ್ತದೆ. ಕುಡಿತ ಬಿಡಬಯಸುವವರ ಸಭೆಯ ವಿಳಾಸ ಹುಡುಕಿ ಎರಡು ಸಲ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ಪರಿಚಯದವರು ಕಂಡರೆ? ಮಾತನಾಡು ಎಂದರೆ? ಇನ್ನೂ ಕುಡಿಯುತ್ತಿರುವ ನಾನು ಅಲ್ಲಿ ಯಾವ ಮುಖ ಹೊತ್ತು ಕೂರಲಿ?

ಉತ್ತರ: ಮೊದಲು ಆ ಕೈನಡುಕದ ವಿಷಯ. ಸಭೆಗೆ ಹೋಗುವ ಮುನ್ನ ವೈದ್ಯರನ್ನು ಕಾಣಿ. ನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವ, ಕೇಳುವ ಸನ್ನಿ ಹಿಡಿಯಬಹುದು, ಜೀವಕ್ಕೇ ಸಂಚಕಾರ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಹಟ ಸಾಧಿಸಬೇಡಿ. ಎಷ್ಟು ಕುಡಿಯುತ್ತೀರಿ ಎಂಬುದನ್ನು ವೈದ್ಯರಿಗೆ ಪೂರ್ತಿ ಹೇಳಿ. ನಾನು ವರ್ಷಗಟ್ಟಲೆ ಅರ್ಧ ಲೆಕ್ಕವನ್ನೇ ಹೇಳುತ್ತಿದ್ದೆ.

ಇನ್ನು ಆ ಬಾಗಿಲು. ನಾನು ಆ ಕಟ್ಟಡವನ್ನು ಮೂರು ಸುತ್ತು ಹಾಕಿ ಒಳಗೆ ಹೋದವನು. ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದೆ, ಎದ್ದು ಓಡಲು ಅನುಕೂಲವೆಂದು. ಅರ್ಧ ಗಂಟೆ ಕಳೆದ ಮೇಲೆ ಓದಲು ಒಂದು ಹಾಳೆ ನನ್ನ ಕೈಗೂ ಬಂತು. ಹಾಳೆ ಎಷ್ಟು ನಡುಗುತ್ತಿತ್ತೆಂದರೆ ಅಕ್ಷರಗಳೇ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ನನ್ನತ್ತ ತಿರುಗಲೂ ಇಲ್ಲ. ಹಾಳೆಯ ಇನ್ನೊಂದು ಅಂಚನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡರು, ಅಷ್ಟೇ. ಅದು ನಿಂತಿತು, ನಾನು ಓದಿದೆ. ನನ್ನ ಜನ್ಮದಲ್ಲಿ ಅಷ್ಟು ಕಡಿಮೆ ಮಾತಿನಲ್ಲಿ ನನಗೆ ಯಾರೂ ಅಷ್ಟು ದೊಡ್ಡ ಉಪಕಾರ ಮಾಡಿಲ್ಲ.

ಮಾತನಾಡಲೇಬೇಕೆಂಬ ಕಟ್ಟಳೆ ಇಲ್ಲ. ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸರದಿ ಮುಂದಕ್ಕೆ ಹೋಗುತ್ತದೆ. ಮನೆತನದ ಹೆಸರು, ಉದ್ಯೋಗ ಯಾವುದನ್ನೂ ಹೇಳಬೇಕಿಲ್ಲ. ಪರಿಚಯದವರು ಕಂಡರೆ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು ಅಲ್ಲೇ ಬಿಟ್ಟು ಬರುವುದು ಸಭೆಯ ಶಿಸ್ತು. ಶುಲ್ಕವಿಲ್ಲ. ಕೊನೆಯಲ್ಲಿ ಕಾಣಿಕೆಗೆಂದು ಬುಟ್ಟಿ ಬಂದರೂ ಹೊಸಬರು ಏನೂ ಹಾಕಬೇಕಿಲ್ಲ.

‘ಇನ್ನೂ ಕುಡಿಯುತ್ತಿದ್ದೇನೆ’ ಎಂಬ ನಿಮ್ಮ ನಾಚಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಸದಸ್ಯತ್ವಕ್ಕೆ ಕೇಳುವುದು ಒಂದನ್ನೇ: ಕುಡಿತ ಬಿಡುವ ಆಸೆ. ಬಿಟ್ಟಿರಬೇಕು ಎಂದಲ್ಲ. ಅದು ಹುಟ್ಟಿದ ಬಗೆಯೂ ಹಾಗೆಯೇ ಇದೆ. 1935ರಲ್ಲಿ ಅಮೆರಿಕದ ಅಕ್ರಾನ್ ಎಂಬ ಊರಿಗೆ ಕೆಲಸದ ಮೇಲೆ ಹೋಗಿದ್ದ ಬಿಲ್ ವಿಲ್ಸನ್ ಆಗಷ್ಟೇ ಕೆಲವು ತಿಂಗಳಿಂದ ಕುಡಿತ ಬಿಟ್ಟಿದ್ದವರು. ಕೆಲಸ ಕೈಕೊಟ್ಟು ಮನಸ್ಸು ಮತ್ತೆ ಬಾಟಲಿಯತ್ತ ಎಳೆದಾಗ, ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕನ ಜೊತೆ ಮಾತನಾಡಬೇಕು ಎಂದು ಹುಡುಕಿಕೊಂಡು ಹೋದರು. ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. 15 ನಿಮಿಷ ಮಾತ್ರ ಎಂದು ಕುಳಿತ ವೈದ್ಯರು ಗಂಟೆಗಟ್ಟಲೆ ಏಳಲಿಲ್ಲ. ಬಿಲ್ ಅಂದು ಹೋದದ್ದು ಉಪದೇಶ ಮಾಡುವುದಕ್ಕಲ್ಲ, ತಾನು ಬದುಕಿಕೊಳ್ಳುವುದಕ್ಕೆ. ಹಾಗಾಗಿ ನೀವು ಒಳಗೆ ಬಂದು ಕೂರುವುದು ಇಪ್ಪತ್ತು ವರ್ಷದ ಹಳಬರಿಗೂ ಬೇಕು. ಬಾಯಲ್ಲಿ ವಾಸನೆಯಿದ್ದರೆ ಆ ದಿನ ಸುಮ್ಮನೆ ಕೇಳಿಸಿಕೊಳ್ಳಿ ಎನ್ನಬಹುದು, ಕೋಪಿಸಿಕೊಳ್ಳಬೇಡಿ.

ಮೂರನೆಯ ಸಲ ಹೋಗುವ ಮುನ್ನ ಎ.ಎ. ಸಹಾಯವಾಣಿಗೆ ಫೋನ್ ಮಾಡಿ, ‘ನನ್ನನ್ನು ಬಾಗಿಲಲ್ಲಿ ಯಾರಾದರೂ ಎದುರುಗೊಳ್ಳುತ್ತೀರಾ’ ಎಂದು ಕೇಳಿ. ಬಹಳ ಕಡೆ ಆ ಫೋನ್ ಎತ್ತುವವರೂ ಕುಡಿತ ಬಿಟ್ಟವರೇ. ವೇಳೆ ಬದಲಾಗಿದೆಯೇ, ಅದು ಎಲ್ಲರಿಗೂ ತೆರೆದ ಸಭೆಯೇ ಅಥವಾ ಕುಡಿತ ಬಿಡಬಯಸುವವರಿಗಷ್ಟೇ ಮೀಸಲಾದ ಮುಚ್ಚಿದ ಸಭೆಯೇ ಎಂಬುದನ್ನೂ ವಿಚಾರಿಸಿ. ನಿಮಗೆ ಎರಡೂ ಸರಿಯೇ. ಮನೆಯವರು ಜೊತೆಗೆ ಬರುವುದಾದರೆ ತೆರೆದದ್ದೇ ಬೇಕು. ಹೊರಗೆ ಹೋಗಲು ಧೈರ್ಯ ಸಾಲದ ದಿನ ಮೊಬೈಲ್‌ನಲ್ಲೇ ಸೇರಬಹುದಾದ ಸಭೆಗಳಿವೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ನನಗೆ ಹೊಂದಿದ್ದು ನಾಲ್ಕನೆಯದು.

ಪ್ರಶ್ನೆ: ಗಂಡ ಸಭೆಗೆ ಬರಲು ಒಪ್ಪುವುದಿಲ್ಲ. ಬಾಟಲಿ ಬಚ್ಚಿಟ್ಟೆ, ಕಚೇರಿಗೆ ಸುಳ್ಳು ಹೇಳಿದೆ, ಕಣ್ಣೀರಿಟ್ಟೆ. ಇನ್ನೇನು ಮಾಡಲಿ?

ಉತ್ತರ: ಅವರು ಬರದಿದ್ದರೆ ಬೇಡ, ನೀವು ಹೋಗಿ. ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಒಬ್ಬರು. ಗಂಡನನ್ನು ಬಿಡಿಸುವ ಉಪಾಯ ಅಲ್ಲಿ ಸಿಗುವುದಿಲ್ಲ. ಈ ಕುಡಿತಕ್ಕೆ ನೀವು ಕಾರಣರಲ್ಲ ಎಂಬುದನ್ನು, ನಿಮ್ಮಂತೆಯೇ ಬಾಟಲಿ ಬಚ್ಚಿಟ್ಟವರ ಬಾಯಿಂದ ಕೇಳುತ್ತೀರಿ. ಕಚೇರಿಗೆ ಸುಳ್ಳು ಹೇಳುವುದನ್ನು ನಾಳೆಯಿಂದಲೇ ನಿಲ್ಲಿಸಬಹುದು. ಅವರು ಕೈ ಮಾಡುತ್ತಿದ್ದರೆ ಮಾತ್ರ ಸಭೆಗೂ ಮೊದಲು ಸುರಕ್ಷಿತ ಜಾಗ ನೋಡಿಕೊಳ್ಳಿ. ನನ್ನ ಹೆಂಡತಿ ನನಗಿಂತ ಏಳು ತಿಂಗಳು ಮೊದಲೇ ಹೋಗಲು ಆರಂಭಿಸಿದ್ದಳು.

ಪ್ರಶ್ನೆ: ನಾನು ನಾಸ್ತಿಕ. ಕುಡಿತದಿಂದ ಹೊರಬರಲು ಎ.ಎ. ಹೇಳುವ 12 ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದಲ್ಲ?

ಉತ್ತರ: ಬರುತ್ತದೆ. ಆ ದೇವರು ‘ನಾವು ಅರಿತುಕೊಂಡಂತೆ’ ಎಂಬ ಮಾತೂ ಜೊತೆಗೇ ಬರುತ್ತದೆ. ನಮ್ಮ ಗುಂಪಿನ ನಾಸ್ತಿಕರೊಬ್ಬರು ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದುಕೊಂಡಿದ್ದಾರೆ. ಅದೂ ಒಪ್ಪಿಗೆಯಾಗದಿದ್ದರೆ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಬಗೆಯ ಸಭೆ ನೋಡಿ. 1994ರಲ್ಲಿ ಆರಂಭವಾದ ಅದರಲ್ಲಿ ಮೆಟ್ಟಿಲುಗಳಿಲ್ಲ. ಚಪಲ ಎದ್ದಾಗ ಮನಸ್ಸನ್ನು ನಿಭಾಯಿಸುವ ಅಭ್ಯಾಸಗಳನ್ನು ಕಲಿಸುತ್ತಾರೆ. ಈ ವಾರವೇ ಎರಡಕ್ಕೂ ಒಂದೊಂದು ಸಲ ಹೋಗಿ ಬಂದು ನನಗೆ ಬರೆಯಿರಿ.