ಸಣ್ಣ ಪರಮಾಣು ರಿಯಾಕ್ಟರ್‌ನಿಂದ ಕಾರ್ಖಾನೆಗೆ ಬೇಕಾದ ಶಾಖ ಕೊಡಬಹುದೇ?

ಕೊಡಬಹುದು, ಆದರೆ ಎಷ್ಟು ಬಿಸಿ ಬೇಕು ಎಂಬುದನ್ನು ಮೊದಲು ನೋಡಿ. ನೀರಿನಿಂದ ತಂಪಾಗುವ ರಿಯಾಕ್ಟರ್‌ನಲ್ಲಿ ನೀರು ಸುಮಾರು 320 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕಾಗದ ಒಣಗಿಸಲು, ಸಮುದ್ರದ ನೀರನ್ನು ಸಿಹಿಯಾಗಿಸಲು ಅಷ್ಟು ಧಾರಾಳ. ಚೀನಾದ ಶಿದಾವ್ ಕೊಲ್ಲಿಯ ಎಚ್‌ಟಿಆರ್-ಪಿಎಂ ರಿಯಾಕ್ಟರ್ ನೀರಿನ ಬದಲು ಹೀಲಿಯಂ ಅನಿಲದಿಂದ ತಂಪಾಗುತ್ತದೆ; ಅಲ್ಲಿ ಹೀಲಿಯಂ 750 ಡಿಗ್ರಿಗೆ ಕಾಯುತ್ತದೆ, ಅದರಿಂದ 560 ಡಿಗ್ರಿಗೂ ಮೇಲ್ಪಟ್ಟ ಹಬೆ ಸಿಗುತ್ತದೆ. ಸಿಮೆಂಟ್ ಗೂಡಿನ 1450 ಡಿಗ್ರಿ ಮಾತ್ರ ಎರಡಕ್ಕೂ ಎಟುಕದು.

ನಿಜವಾದ ಕಷ್ಟ ಇರುವುದು ಜೋಡಣೆಯಲ್ಲಿ. ರಿಯಾಕ್ಟರ್‌ನಲ್ಲಿ ಹುಟ್ಟುವ ಟ್ರಿಟಿಯಂ (ಹೈಡ್ರೋಜನ್‌ನ ವಿಕಿರಣಶೀಲ ರೂಪ) ಬಿಸಿ ಲೋಹದ ಕೊಳವೆಯ ಗೋಡೆಯೊಳಗಿಂದಲೇ ನುಸುಳುತ್ತದೆ. ಆದ್ದರಿಂದ ರಿಯಾಕ್ಟರ್‌ಗೂ ಕಾರ್ಖಾನೆಯ ಹಬೆಗೂ ನಡುವೆ ಶಾಖ ಸಾಗಿಸುವ ಇನ್ನೊಂದು ಮುಚ್ಚಿದ ಕೊಳವೆ ಸುತ್ತು ಇರಲೇಬೇಕು. ಕಾರ್ಖಾನೆ ಬದಿಯ ಒತ್ತಡ ಆ ಸುತ್ತಿನ ಒತ್ತಡಕ್ಕಿಂತ ಹೆಚ್ಚಿರಲಿ: ಕೊಳವೆ ಬಿರುಕು ಬಿಟ್ಟರೂ ಸೋರಿಕೆ ರಿಯಾಕ್ಟರ್‌ನ ಕಡೆಗೇ ಹರಿಯುತ್ತದೆ. ರಿಯಾಕ್ಟರ್ ನಿಂತ ದಿನಗಳಿಗೆ ಬದಲಿ ಬಾಯ್ಲರ್ ಇಲ್ಲದಿದ್ದರೆ ಕಾರ್ಖಾನೆಯೂ ನಿಲ್ಲುತ್ತದೆ.